ಮೂರನೆಯ ಪೆಡಲು

"ಗುರುಗಳೇ, ಸಿಟ್ಟು ತಾನಾಗಿ ಬರುತ್ತದೆ. ನಾನು ಅದನ್ನು ಕರೆಯುವುದಿಲ್ಲ. ಕರೆಯದೆ ಬಂದದ್ದಕ್ಕೆ ನಾನು ಹೇಗೆ ಹೊಣೆ?"

ಹೀಗೆ ಕೇಳಿದವನು ಮಠದ ಶಿಷ್ಯ ಶಂಭುಲಿಂಗ. ತಿಳಿದುಕೊಳ್ಳುವ ಆಸೆಯಿಂದ ಕೇಳಿದ್ದಲ್ಲ. ಬೆಳಿಗ್ಗೆ ಗುರುಗಳು ಗದರಿಸಿದ್ದರು, ಅದಕ್ಕೆ ಎದುರುತ್ತರವಾಗಿ ಕೇಳಿದ್ದು. ಯುಗಾದಿಯ ದಿನ ಭಕ್ತರ ಎದುರಿಗೆ ಪ್ರವಚನ ಮಾಡುವಾಗ ಅವನು ನಡುವೆ ಮಾತು ಮರೆತು ತಡವರಿಸಿದ್ದ. ಅಡುಗೆಮನೆ ನೋಡಿಕೊಳ್ಳುವ ಶಿಷ್ಯ ಪರ್ವತಯ್ಯ ಹಿಂದೆ ನಿಂತು ಫಕ್ಕನೆ ನಕ್ಕಿದ್ದ. ಈಗ ಶ್ರಾವಣ ಬಂದಿದೆ. ಪರ್ವತಯ್ಯ ಸಾರಿನ ಬಕೀಟು ಹಿಡಿದು ಬಂದರೆ ಶಂಭುಲಿಂಗ ಇನ್ನೂ ತಟ್ಟೆಯ ಮೇಲೆ ಕೈ ಅಡ್ಡ ಹಿಡಿಯುತ್ತಾನೆ. ಸ್ನಾನಕ್ಕೆ ಹೋಗುವಾಗ ಅಡುಗೆಮನೆಯ ಮುಂದೆ ಹಾಯಬಾರದೆಂದು ದನದ ಕೊಟ್ಟಿಗೆಯನ್ನು ಸುತ್ತು ಹಾಕಿಕೊಂಡು, ಕೆಸರು ತುಳಿಯುತ್ತ ಹೋಗುತ್ತಾನೆ.

ಗುರುಗಳು ಅವನನ್ನು ಕುಳ್ಳಿರಿಸಿದರು. ಅವರಿಗೂ ಸಿಟ್ಟು ಬಂದಿತ್ತು, ಅದನ್ನು ಮುಚ್ಚಿಡುವ ಗೋಜಿಗೆ ಅವರು ಹೋಗಲಿಲ್ಲ. ಕತೆ ಹೇಳಿದ್ದೂ ಆ ದನಿಯಲ್ಲೇ.

ಒಬ್ಬ ಹಿಂಡಿ ವ್ಯಾಪಾರಿ ಇದ್ದ. ಹತ್ತಿಕಾಳಿನ ಹಿಂಡಿ, ಶೇಂಗಾ ಹಿಂಡಿ, ಹೊಟ್ಟು, ಹೀಗೆ ದನಕರುಗಳಿಗೆ ಬೇಕಾದದ್ದನ್ನೆಲ್ಲ ಮಾರುತ್ತಿದ್ದ. ಹೆಸರು ರಾಚಪ್ಪ ಎಂದಿಟ್ಟುಕೋ. ಅವನ ಸಿಟ್ಟು ಸುತ್ತಿನ ಊರುಗಳಿಗೆಲ್ಲ ಗೊತ್ತಿತ್ತು. ಅವನೂ ಅದನ್ನು ಒಂದು ಬಿರುದಿನ ಹಾಗೆ ಹೇಳಿಕೊಂಡು ತಿರುಗುತ್ತಿದ್ದ. ನನ್ನದು ಹುಟ್ಟುಗುಣ, ಸಿಟ್ಟು ಬಂದರೆ ನಾನು ನನ್ನ ಕೈಯಲ್ಲಿರುವುದಿಲ್ಲ, ಬಂದ ಹಾಗೆಯೇ ಹೋಗಿಬಿಡುತ್ತದೆ, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳುವವನಲ್ಲ ಎನ್ನುತ್ತಿದ್ದ. ಸಿಟ್ಟಿನವರೆಲ್ಲ ಹೇಳುವ ಮಾತೇ ಇದು. ಬೈಸಿಕೊಂಡವರ ಮನಸ್ಸಿನಲ್ಲಿ ಏನು ಉಳಿಯಿತು ಎಂದು ಅವರು ಯಾವತ್ತೂ ಕೇಳಿ ನೋಡಿದವರಲ್ಲ.

ಅವನಿಗೊಬ್ಬ ತಮ್ಮ, ಮಲ್ಲೇಶಿ. ಚಿಕ್ಕಂದಿನಲ್ಲಿ ಪೋಲಿಯೋ ಬಡಿದು ಅವನ ಎಡಗಾಲು ಸೊರಗಿಹೋಗಿತ್ತು. ನಡೆಯುವಾಗ ಎಡಗೈಯಿಂದ ಮೊಣಕಾಲನ್ನು ಒತ್ತಿ ಹಿಡಿದು ಹೆಜ್ಜೆ ಇಡುತ್ತಿದ್ದ. ಏನನ್ನಾದರೂ ತುಳಿದು ಒತ್ತುವ ಶಕ್ತಿ ಆ ಕಾಲಿಗೆ ಇರಲಿಲ್ಲ. ಬುದ್ಧಿ ಬಂದಾಗಿನಿಂದ ಅವನ ಜಾಗ ಅಂಗಡಿಯ ಗಾದಿ. ಅಣ್ಣ ಟೆಂಪೋ ಹೊಡೆದುಕೊಂಡು ಊರೂರು ತಿರುಗಿ ಬರುತ್ತಿದ್ದ. ತಮ್ಮ ತಕ್ಕಡಿಯ ಪಕ್ಕ ಕೂತು, ಬಾಗಿಲಿನಾಚೆ ಕಾಣುವಷ್ಟು ರಸ್ತೆಯನ್ನು ನೋಡುತ್ತಿದ್ದ.

ಈಗ ರಾಚಪ್ಪನ ಒಳ್ಳೆಯತನವನ್ನು ಹೇಳಬೇಕು. ಹೇಳದೆ ಬಿಟ್ಟರೆ ಅವನನ್ನು ದುಷ್ಟ ಎಂದು ತೀರ್ಮಾನಿಸಿ ನೀನು ಕೈ ತೊಳೆದುಕೊಳ್ಳುತ್ತೀಯ. ಅವರ ಊರಿನ ಗುಡ್ಡದ ಮೇಲೆ ಗಾಳಿಯಿಂದ ಕರೆಂಟು ತೆಗೆಯುವ ಯಂತ್ರಗಳನ್ನು ನಿಲ್ಲಿಸಲು ಪರದೇಶದ ಒಂದು ಕಂಪನಿ ಬಂದಿತ್ತು. ಕೆಲಸ ಮುಗಿಸಿ ಹೊರಡುವಾಗ ಆ ಮಂದಿ ತಮ್ಮ ಹಳೆಯ ಪಿಕಪ್ ಗಾಡಿಯನ್ನು ಅಲ್ಲೇ ಮಾರಾಟಕ್ಕಿಟ್ಟರು. ಅದು ಆಟೋಮ್ಯಾಟಿಕ್ ಗಾಡಿ. ಗೇರು ತಾನಾಗಿ ಬೀಳುತ್ತಿತ್ತು, ಎಡಗಾಲಿನಿಂದ ಒತ್ತುವ ಕ್ಲಚ್ ಎಂಬುದೇ ಇರಲಿಲ್ಲ. ಓಡಿಸಲು ಒಂದು ಪೆಡಲು, ನಿಲ್ಲಿಸಲು ಒಂದು ಪೆಡಲು, ಎರಡೂ ಬಲಗಾಲಿನ ಕೆಲಸ. ಕೆಟ್ಟು ನಿಂತರೆ ಇದನ್ನು ಯಾರು ಬಿಚ್ಚುತ್ತಾರೆ ಎಂದು ನೋಡಲು ಬಂದವರೆಲ್ಲ ಹಿಂದೆ ಸರಿದರು. ರಾಚಪ್ಪ ಬಾಗಿಲು ತೆರೆದು ಬಗ್ಗಿ ಪೆಡಲುಗಳನ್ನು ನೋಡಿದ. ಬೇರೇನನ್ನೂ ನೋಡಲಿಲ್ಲ. ಸೀದಾ ಅಂಗಡಿಗೆ ಹೋಗಿ ತಮ್ಮನನ್ನು ಕರೆದುಕೊಂಡು ಬಂದ.

ಹತ್ತಿ ಗಿರಣಿಯ ಬಯಲಿನಲ್ಲಿ ಪಕ್ಕದಲ್ಲಿ ಕೂತು ಅವನೇ ತಮ್ಮನಿಗೆ ಗಾಡಿ ಹೊಡೆಯುವುದನ್ನು ಕಲಿಸಿದ. ಕಲಿಸುವಾಗ ಒಂದು ಸಲವೂ ದನಿ ಏರಿಸಲಿಲ್ಲ. ಮಲ್ಲೇಶಿ ಮೊದಲ ಸಲ ತಾನೊಬ್ಬನೇ ಬಯಲನ್ನು ಸುತ್ತಿಸಿಕೊಂಡು ಬಂದು ಗಾಡಿ ನಿಲ್ಲಿಸಿದಾಗ, ರಾಚಪ್ಪ ರುಮಾಲಿನ ಚುಂಗಿನಿಂದ ಕಣ್ಣು ಒರೆಸಿಕೊಂಡ. ಎಡಗಾಲನ್ನು ಕೇಳದ ಆ ಗಾಡಿ ಮಲ್ಲೇಶಿಗೆ ಏನು ಎಂಬುದು ಈ ಲೋಕದಲ್ಲಿ ಒಬ್ಬನಿಗೆ ಚೆನ್ನಾಗಿ ಗೊತ್ತಿದ್ದರೆ, ಅದು ರಾಚಪ್ಪನಿಗೆ. ಇದನ್ನು ನೆನಪಿಟ್ಟುಕೋ, ಮುಂದೆ ಬೇಕಾಗುತ್ತದೆ.

ವರ್ಷಗಳು ಹೋದವು. ಮಲ್ಲೇಶಿ ಹಿಂಡಿ ಚೀಲ ಹೇರಿಕೊಂಡು ಹಳ್ಳಿಹಳ್ಳಿಗೆ ಹೋಗತೊಡಗಿದ. ಮಾತು ಮೆತ್ತಗೆ, ಮುಖದ ಮೇಲೆ ಯಾವಾಗಲೂ ನಗು. ಯಾರ ಎಮ್ಮೆ ಈದಿದೆ, ಯಾರ ಆಕಳು ಮೇವು ಬಿಟ್ಟಿದೆ ಎಂಬುದೆಲ್ಲ ಅವನಿಗೆ ಬಾಯಿಪಾಠ. ಅಂಗಡಿಗೆ ಬಂದವರು ಮೊದಲು ಅವನನ್ನೇ ಕೇಳುತ್ತಿದ್ದರು. ಗಾಡಿಗೆ ಮಲ್ಲೇಶಿಯ ಗಾಡಿ ಎಂದೇ ಹೆಸರಾಯಿತು. ಒಮ್ಮೆ ಒಂದು ಮದುವೆಮನೆಯಲ್ಲಿ ರಾಚಪ್ಪನನ್ನು ಬೀಗರಿಗೆ ಪರಿಚಯ ಮಾಡಿಕೊಡುತ್ತ, ಇವರು ಗಾಡಿ ಮಲ್ಲೇಶಿಯ ಅಣ್ಣ ಎಂದು ಯಾರೋ ಹೇಳಿದರು. ರಾಚಪ್ಪ ನಕ್ಕ. ಊಟ ಮಾತ್ರ ಅವನಿಗೆ ಸೇರಲಿಲ್ಲ.

ಪಕ್ಕದ ಹಳ್ಳಿಯಲ್ಲಿ ಒಬ್ಬ ಗೌಡನಿದ್ದ. ನಿನ್ನ ಹಿಂಡಿಯಲ್ಲಿ ಮಣ್ಣು ಬೆರೆತಿದೆ ಎಂದು ಅವನು ಒಮ್ಮೆ ಸಂತೆಯಲ್ಲಿ ರಾಚಪ್ಪನಿಗೆ ಅಂದಿದ್ದ. ಅವತ್ತಿನಿಂದ ಆ ಮನೆಗೆ ನಮ್ಮ ಅಂಗಡಿಯಿಂದ ಒಂದು ಹಿಡಿ ಹಿಂಡಿ ಹೋಗಕೂಡದು ಎಂದು ರಾಚಪ್ಪ ಹೊಸ್ತಿಲ ಮೇಲೆ ನಿಂತು ಹೇಳಿದ್ದ. ಆಮೇಲೆ ಎಷ್ಟೋ ದಿನಗಳ ನಂತರ ಗೌಡನ ಮನೆಯ ಎಮ್ಮೆ ಈಯಿತು. ಬಾಣಂತಿ ಎಮ್ಮೆಗೆ ಹಾಕಲು ಮನೆಯಲ್ಲಿ ಏನೂ ಇಲ್ಲ ಎಂದು ಗೌಡನ ಹೆಂಡತಿ ಮಲ್ಲೇಶಿಯ ಗಾಡಿಗೆ ಅಡ್ಡ ಬಂದು ಕೇಳಿಕೊಂಡಳು. ಮಲ್ಲೇಶಿ ಒಂದು ಚೀಲ ಇಳಿಸಿ ಬಂದ.

ಸುದ್ದಿ ತಿಳಿದ ರಾಚಪ್ಪ ಅಂಗಡಿಯ ಮುಂದೆ, ಗಿರಾಕಿಗಳು, ಚೀಲ ಹೊರುವ ಹಮಾಲರು ಎಲ್ಲ ಸೇರಿದ್ದಾಗಲೇ, ತಮ್ಮನನ್ನು ತರಾಟೆಗೆ ತೆಗೆದುಕೊಂಡ. ಆ ಮನೆಗೆ ಹಾಕಬೇಡ ಎಂದಿದ್ದೆನೋ ಇಲ್ಲವೋ ಎಂದು ಕೇಳಿದ. ಚೀಲದ ಬಾಯಿ ಹೊಲಿಯುತ್ತಿದ್ದ ಮಲ್ಲೇಶಿ ತಲೆ ಎತ್ತದೆ ಹೇಳಿದ:

"ನಿನ್ನ ಸಿಟ್ಟು ಗೌಡನ ಮ್ಯಾಲ ಇರಲಿ ಅಣ್ಣಾ. ಎಮ್ಮಿ ಏನ್ ಮಾಡೇತಿ?"

ಹಮಾಲರು ನಕ್ಕರು. ಗಿರಾಕಿಗಳೂ ನಕ್ಕರು. ಮುಂದಿನ ಹಲ್ಲು ಬಿದ್ದಿದ್ದ ಒಬ್ಬ ಮುದಿ ಹಮಾಲನಂತೂ ಚೀಲ ಕೆಳಗಿಟ್ಟು ನಕ್ಕ.

ರಾಚಪ್ಪನಿಗೆ ಸಿಟ್ಟು ಬಂತು. ನೀನು ಹೇಳಿದೆಯಲ್ಲ, ಹಾಗೆಯೇ ಬಂತು. ತಾನಾಗಿ, ಯಾರೂ ಕರೆಯದೆ, ಕಾಲಿನಿಂದ ನೆತ್ತಿಗೆ ಏರಿತು. ಆ ಗಳಿಗೆಯಲ್ಲಿ ಅವನು ಬಾಯಿಗೆ ಬಂದಂತೆ ಬೈದಿದ್ದರೆ, ಕೈ ಎತ್ತಿದ್ದರೂ ಸಹ, ನಾನು ನಿನಗೆ ಈ ಕತೆಯನ್ನು ಹೇಳುತ್ತಿರಲಿಲ್ಲ. ಅವನು ಅಂಥದೇನೂ ಮಾಡಲಿಲ್ಲ. ಗೂಟದಲ್ಲಿ ತೂಗಿದ್ದ ಗಾಡಿಯ ಕೀಲಿಕೈ ತೆಗೆದುಕೊಂಡ. ಎರಡನೆಯ ಗೇರು ತಡವಾಗಿ ಬೀಳುತ್ತಿದೆ, ತೋರಿಸಿಕೊಂಡು ಬರುತ್ತೇನೆ ಎಂದು ಹೇಳಿ ಹೊರಟ. ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ. ಗೇರು ಕೆಲವು ದಿನಗಳಿಂದ ಸ್ವಲ್ಪ ತಡವರಿಸುತ್ತಿತ್ತು, ಅದನ್ನು ಅಣ್ಣನಿಗೆ ಹೇಳಿದವನೂ ಮಲ್ಲೇಶಿಯೇ.

ಗ್ಯಾರೇಜಿನ ಮಕ್ತುಮಸಾಬ ಗಾಡಿಯ ಕೆಳಗೆ ಹೊಕ್ಕು ನೋಡಿ ಬಂದ. ಎಣ್ಣೆ ಕಪ್ಪಾಗಿದೆ, ಒಳಗಿನ ಜಾಲರಿ ಕಟ್ಟಿಕೊಂಡಿದೆ, ತೊಳೆದು ಹೊಸ ಎಣ್ಣೆ ಹಾಕಿದರೆ ಇನ್ನೂ ಬಹಳ ವರ್ಷ ಓಡುತ್ತದೆ ಎಂದ. ರಾಚಪ್ಪ ಅದು ಬೇಡ ಎಂದ. ಇದನ್ನು ಪೂರ್ತಿ ಕಿತ್ತುಹಾಕಿ ಕೈಯಿಂದ ಹಾಕುವ ಗೇರು ಕೂಡಿಸು ಎಂದ. ಮಕ್ತುಮಸಾಬ ಕೈ ಒರೆಸಿಕೊಳ್ಳುತ್ತಿದ್ದವನು ಅಲ್ಲಿಗೇ ನಿಲ್ಲಿಸಿದ.

"ಹಂಗಾದ್ರ ಮಲ್ಲೇಶಣ್ಣ ಹ್ಯಾಂಗ ಹೊಡೀತಾನ್ರಿ, ಸಾವ್ಕಾರ್ರ?"

"ಗಾಡಿ ನಂದು. ತಾನಾಗಿ ಬೀಳೂ ಗೇರು ನಂಗ ಬ್ಯಾಡ. ನಾ ಹಾಕಿದ್ರ ಬೀಳಬೇಕು, ಇಲ್ಲಂದ್ರ ಇಲ್ಲ."

ಮಕ್ತುಮಸಾಬನಿಗೆ ರಾಚಪ್ಪನ ಸಿಟ್ಟು ಹೊಸದಲ್ಲ. ಬಂದ ಹಾಗೆ ಹೋಗುವ ಸಿಟ್ಟು ಎಂದು ರಾಚಪ್ಪನೇ ಅವನಿಗೆ ಎಷ್ಟೋ ಸಲ ಹೇಳಿದ್ದ. ಆದ್ದರಿಂದ ಅವನು ಒಂದು ಉಪಾಯ ಮಾಡಿದ. ಈ ಗಾಡಿಗೆ ಹೊಂದುವ ಗೇರ್‌ಬಾಕ್ಸು ಈ ಊರಿನಲ್ಲಿ ಸಿಗುವುದಿಲ್ಲ, ಹುಬ್ಬಳ್ಳಿಯ ಗುಜರಿಗಳಲ್ಲಿ ನೀವೇ ಹುಡುಕಬೇಕು, ತಂದು ಕೊಟ್ಟರೆ ಕೂಡಿಸುತ್ತೇನೆ ಎಂದ. ಹುಡುಕುವಷ್ಟರಲ್ಲಿ ಸಿಟ್ಟು ಇಳಿದೀತು ಎಂಬುದು ಅವನ ಲೆಕ್ಕ. ಒಳ್ಳೆಯ ಲೆಕ್ಕವೇ. ಸಿಟ್ಟು ತಾನಾಗಿ ಬರುತ್ತದೆ, ತಾನಾಗಿ ಹೋಗುತ್ತದೆ ಎಂಬ ನಿನ್ನ ಮಾತು ನಿಜವಾಗಿದ್ದರೆ, ಕತೆ ಇಲ್ಲಿಗೇ ಮುಗಿಯಬೇಕಾಗಿತ್ತು.

ರಾಚಪ್ಪ ಮಾರನೆಯ ದಿನ ಹುಬ್ಬಳ್ಳಿಯ ಬಸ್ಸು ಹತ್ತಿದ. ಕಿಟಕಿಯ ಪಕ್ಕ ಜಾಗ ಸಿಕ್ಕಿತು. ತಂಪು ಗಾಳಿ ಬಂತು. ಪಕ್ಕದಲ್ಲಿ ಕೂತ ರೈತನೊಬ್ಬ ಎಳೆ ಸೌತೆಕಾಯಿ ಮುರಿದು ಕೊಟ್ಟ. ಇಬ್ಬರೂ ಮಳೆಯ ಮಾತಾಡಿದರು. ಬಸ್ಸು ಬೆಣ್ಣೆಹಳ್ಳ ದಾಟುವ ಹೊತ್ತಿಗೆ ರಾಚಪ್ಪನ ಸಿಟ್ಟು ಇಳಿದುಹೋಗಿತ್ತು. ಹುಬ್ಬಳ್ಳಿಗೆ ಯಾಕೆ ಹೊರಟಿದ್ದೇನೆ ಎಂಬುದೇ ಅವನಿಗೆ ಅರೆಗಳಿಗೆ ಹೊಳೆಯಲಿಲ್ಲ.

"ಹಾಗಾದರೆ ಹಿಂದಿರುಗಿದನೇ?" ಎಂದು ಶಂಭುಲಿಂಗ ಕೇಳಿದ. ಗುರುಗಳು ನಡುವೆ ಬಾಯಿ ಹಾಕಬೇಡ ಎಂದು ಗದರಿಸಿ ಮುಂದುವರಿಸಿದರು.

ಹಿಂದಿರುಗಬಹುದಾಗಿತ್ತು. ಮುಂದಿನ ಊರಿನಲ್ಲಿ ಇಳಿದಿದ್ದರೆ ಎದುರಿನಿಂದ ಬರುವ ಬಸ್ಸು ಸಿಗುತ್ತಿತ್ತು. ರಾಚಪ್ಪ ಇಳಿಯಲಿಲ್ಲ. ಏನೋ ಕಳೆದುಕೊಂಡವನ ಹಾಗೆ ಕೂತಲ್ಲೇ ತಡಕಾಡಿದ. ಮಲ್ಲೇಶಿ ಹೇಳಿದ ಮಾತನ್ನು ನೆನಪು ಮಾಡಿಕೊಂಡ. ಎಮ್ಮಿ ಏನ್ ಮಾಡೇತಿ, ಎಮ್ಮಿ ಏನ್ ಮಾಡೇತಿ ಎಂದು ಬಾಯಲ್ಲೇ ಅಂದುಕೊಂಡ. ಹಲ್ಲಿಲ್ಲದ ಹಮಾಲ ನಕ್ಕದ್ದನ್ನು ಕಣ್ಣ ಮುಂದೆ ತಂದುಕೊಂಡ. ಅಷ್ಟು ಸಾಲದೆ ಮದುವೆಮನೆಯನ್ನೂ ತಂದುಕೊಂಡ. ಮೈ ಬಿಸಿಯಾಯಿತು. ಈಗ ಸರಿಹೋಯಿತು ಅನ್ನಿಸಿತು.

ಅವತ್ತು ಗೇರ್‌ಬಾಕ್ಸು ಸಿಗಲಿಲ್ಲ. ಮತ್ತೆ ಹೋದ. ಆಗಲೂ ಸಿಗಲಿಲ್ಲ. ಗುಜರಿಯವನೊಬ್ಬ ಕೈಯಿಂದ ಗೇರು ಹಾಕುವ ಅಂಥದೇ ಗಾಡಿಯೊಂದು ಕೆಲವು ದಿನಗಳಲ್ಲಿ ಒಡೆಯಲು ಬರುತ್ತದೆ, ವಿಚಾರಿಸುತ್ತಿರಿ ಎಂದ. ರಾಚಪ್ಪ ವಿಚಾರಿಸುತ್ತಲೇ ಇದ್ದ. ಬಿಸಿಲಿನಲ್ಲಿ ತುಕ್ಕು ಹಿಡಿದ ಕಬ್ಬಿಣದ ರಾಶಿಗಳ ನಡುವೆ ಧೋತರ ಎತ್ತಿ ಕಟ್ಟಿಕೊಂಡು ತಿರುಗಿದ. ಸ್ವಂತ ಮಗಳಿಗೆ ವರ ಹುಡುಕುವಾಗಲೂ ಅವನು ಇಷ್ಟು ಅಲೆದಿರಲಿಲ್ಲ. ಪ್ರತಿ ಸಲವೂ ದಾರಿಯಲ್ಲಿ ಎಲ್ಲೋ ಒಂದು ಕಡೆ ಸಿಟ್ಟು ಇಳಿಯುತ್ತಿತ್ತು. ಪ್ರತಿ ಸಲವೂ ಅವನು ಆ ಮಾತನ್ನು, ಆ ನಗುವನ್ನು, ಆ ಮದುವೆಮನೆಯನ್ನು ಮತ್ತೆ ಹೊರಗೆ ತೆಗೆಯುತ್ತಿದ್ದ.

ಮನೆಯಲ್ಲಿ ಮಲ್ಲೇಶಿ ಏನೆಂದುಕೊಂಡಿದ್ದ, ಕೇಳು. ಗೇರ್‌ಬಾಕ್ಸಿನ ಕೆಲಸ ದೊಡ್ಡದು, ಸಾಮಾನು ಹುಡುಕಬೇಕು ಎಂದಷ್ಟೇ ಅಣ್ಣ ಅವನಿಗೆ ಹೇಳಿದ್ದ. ತಾನು ಮಂದಿಯೆದುರು ಅಷ್ಟು ಅಂದರೂ ಅಣ್ಣ ಮನಸ್ಸಿನಲ್ಲಿ ಇಟ್ಟುಕೊಳ್ಳದೆ ತನ್ನ ಗಾಡಿಯ ಸಲುವಾಗಿ ಹುಬ್ಬಳ್ಳಿಗೆ ಓಡಾಡುತ್ತಿದ್ದಾನೆ ಎಂದು ಅವನು ನಂಬಿದ್ದ. ಬಂದ ಗಿರಾಕಿಗಳಿಗೆಲ್ಲ ಅದನ್ನೇ ಹೇಳುತ್ತಿದ್ದ. ಅಣ್ಣ ದಣಿದು ಬಂದರೆ ಕುಂಟುತ್ತ ಹೋಗಿ ಕಾಲಿಗೆ ಬಿಸಿನೀರು ತಂದಿಡುತ್ತಿದ್ದ. ಒಂದು ದಿನ ರಾಚಪ್ಪ ಊಟಕ್ಕೆ ಕೂತಾಗ ಎದುರಿಗೆ ಬಂದು ಕೂತ. ಅವತ್ತು ಮಂದಿಯ ಮುಂದೆ ಹಾಗೆ ಅನ್ನಬಾರದಾಗಿತ್ತು, ಹೊಟ್ಟೆಯಲ್ಲಿ ಹಾಕಿಕೋ ಎಂದ. ಅಣ್ಣನ ಕಾಲು ಮುಟ್ಟಿದ.

ರಾಚಪ್ಪನ ಕೈಯಲ್ಲಿದ್ದ ರೊಟ್ಟಿಯ ತುತ್ತು ಕೈಯಲ್ಲೇ ಉಳಿಯಿತು. ಹೂಂ ಎಂದ. ಅವನ ಸಿಟ್ಟಿಗೆ ಇದ್ದ ಒಂದೇ ಕಾರಣವನ್ನು ತಮ್ಮ ಬಂದು ತೆಗೆದುಕೊಂಡು ಹೋಗಿಬಿಟ್ಟಿದ್ದ. ಬೆಳಿಗ್ಗೆ ಎದ್ದಾಗ ಎದೆ ಖಾಲಿ ಖಾಲಿಯಾಗಿತ್ತು. ಬೇರೆ ಯಾರಾದರೂ ಆಗಿದ್ದರೆ ಅದನ್ನು ಹಗುರ ಎನ್ನುತ್ತಿದ್ದರು. ರಾಚಪ್ಪನಿಗೆ ಅದು ಸೋತ ಹಾಗೆ ಕಂಡಿತು. ಹಲ್ಲು ಉಜ್ಜುತ್ತ ಯೋಚಿಸಿದ. ಗಾಡಿ ಗ್ಯಾರೇಜಿನಲ್ಲಿದೆ, ಅದಕ್ಕೇ ಇವನು ಕಾಲು ಮುಟ್ಟಿದ್ದಾನೆ, ಗಾಡಿ ಬಾಗಿಲಿಗೆ ಬಂದ ದಿನ ಮತ್ತೆ ಮಂದಿಯನ್ನು ನಗಿಸುತ್ತಾನೆ ಎಂದು ಹೊಳೆಯಿತು. ಅಷ್ಟು ಸಾಕಾಯಿತು. ಮುಖ ತೊಳೆದು ಬಸ್ಸಿಗೆ ಹೋದ. ಅವತ್ತೇ ಗೇರ್‌ಬಾಕ್ಸು ಸಿಕ್ಕಿತು.

ಮಕ್ತುಮಸಾಬನಿಗೆ ಇನ್ನು ನೆವ ಉಳಿಯಲಿಲ್ಲ. ಹಳೆಯದನ್ನು ಇಳಿಸಿ ಹೊಸದನ್ನು ಏರಿಸಿದ. ಕ್ಲಚ್ ಪ್ಲೇಟು ಕೂಡಿಸಿದ. ಶಾಫ್ಟು ಉದ್ದಕ್ಕೆ ಸಾಲದೆ ಬೇರೆ ಮಾಡಿಸಿದ. ಗೇರಿನ ಕೋಲು ಮೇಲೆ ಬರಲೆಂದು ಗಾಡಿಯ ತಳದ ತಗಡನ್ನು ಕೊರೆದ. ಒಂದೊಂದು ಕೆಲಸಕ್ಕೂ ಒಂದೊಂದು ದಿನ ಹಿಡಿಯಿತು. ಪ್ರತಿ ದಿನವೂ ರಾಚಪ್ಪ ಹೋಗಿ ಎದುರಿಗೆ ಸ್ಟೂಲು ಹಾಕಿಕೊಂಡು ಕೂಡುತ್ತಿದ್ದ. ಸಾಕು, ಹಳೆಯದನ್ನೇ ಕೂಡಿಸು ಎಂದು ಯಾವ ದಿನ ಹೇಳಿದ್ದರೂ ಮಕ್ತುಮಸಾಬ ಕುಣಿದಾಡಿ ಕೂಡಿಸುತ್ತಿದ್ದ. ಮುಂಚೆ ಗಾಡಿ ಗೇರಿನಲ್ಲಿದ್ದರೆ ಚಾಲೂ ಆಗುತ್ತಿರಲಿಲ್ಲ, ಅದನ್ನು ಗಾಡಿಯೇ ನೋಡಿಕೊಳ್ಳುತ್ತಿತ್ತು. ಆ ವೈರುಗಳನ್ನು ಕೂಡಿಸಿ ಕಟ್ಟಿದ್ದೇನೆ, ಇನ್ನು ಮೇಲೆ ಅದನ್ನೂ ನೀವೇ ನೋಡಿಕೊಳ್ಳಬೇಕು ಎಂದು ಅವನು ಹೇಳಿದ. ರಾಚಪ್ಪ ಅದಕ್ಕೂ ಹೂಂ ಎಂದ.

ಕ್ಲಚ್ಚಿನ ಪೆಡಲು ಮಾತ್ರ ಗುಜರಿಯಲ್ಲಿ ಸಿಕ್ಕಿರಲಿಲ್ಲ. ಕಬ್ಬಿಣದ ಪಟ್ಟಿ ಬಗ್ಗಿಸಿ ಬೆಸುಗೆ ಹಾಕಿ ಮಾಡಬೇಕಾಗಿತ್ತು. ಪಟ್ಟಿ ಕೈಯಲ್ಲಿ ಹಿಡಿದುಕೊಂಡು ಮಕ್ತುಮಸಾಬ ಕೊನೆಯ ಸಲ ಕೇಳಿದ:

"ಪೆಡಲ್ ಯಾರ ಕಾಲಿನ ಅಳತಿಗೆ ಮಾಡ್ಲಿ?"

ರಾಚಪ್ಪ ಸ್ಟೂಲಿನಿಂದ ಎದ್ದು ಗಾಡಿ ಹತ್ತಿದ. ತಮ್ಮನ ಜಾಗದಲ್ಲಿ ಕೂತು, ತನ್ನ ಗಟ್ಟಿಮುಟ್ಟಾದ ಎಡಗಾಲನ್ನು ಮುಂದೆ ಚಾಚಿ ಅಳತೆ ಕೊಟ್ಟ. ಹಳೆಯ ಗೇರ್‌ಬಾಕ್ಸು ಮೂಲೆಯಲ್ಲಿ ಬಿದ್ದಿತ್ತು, ಇರಲಿ ಬಿಡಿ ಎಂದು ಮಕ್ತುಮಸಾಬ ಅಂಗಲಾಚಿದ. ರಾಚಪ್ಪ ಅದನ್ನು ತಳ್ಳುಗಾಡಿಯ ಮೇಲೆ ಎತ್ತಿಸಿ ಊರಿನ ಗುಜರಿಗೆ ಕಳಿಸಿಯೇ ಮನೆಗೆ ಹೋದ.

ಗಾಡಿ ಅಂಗಡಿಯ ಮುಂದೆ ಬಂದು ನಿಂತ ದಿನ ಮಲ್ಲೇಶಿ ಬೆಳಿಗ್ಗೆಯೇ ಜಳಕ ಮಾಡಿ ಬಿಳಿ ಅಂಗಿ ಹಾಕಿಕೊಂಡಿದ್ದ. ಗಾಡಿಯ ಹಣೆಗೆ ವಿಭೂತಿ ಹಚ್ಚಿದ. ಹೂವಿನ ಸರ ಕಟ್ಟಿದ. ಬಗ್ಗಲಾರದೆ ಬಗ್ಗಿ ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟ. ಕಾಯಿ ಒಡೆದು ಹಮಾಲರಿಗೆಲ್ಲ ಹಂಚಿದ. ಅಣ್ಣನ ಕೈಗೂ ಒಂದು ಚೂರು ಕೊಟ್ಟ. ಆಮೇಲೆ ಬಾಗಿಲು ತೆರೆದು ಒಳಗೆ ಹತ್ತಿ ಕೂತ.

ರಾಚಪ್ಪ ಹೊಸ್ತಿಲ ಮೇಲೆ ನಿಂತಿದ್ದ. ನಕ್ಕ ಹಮಾಲರೆಲ್ಲ ಎದುರಿಗೇ ಇದ್ದರು, ಹಲ್ಲಿಲ್ಲದವನೂ ಇದ್ದ. ಅವನು ಇಷ್ಟು ದಿನ ಅಲೆದದ್ದು ಈ ಗಳಿಗೆಯ ಸಲುವಾಗಿಯೇ. ಈಗ ನಗಲಿ ನೋಡೋಣ ಎಂದುಕೊಂಡ. ಕಾಯಿಯ ಚೂರು ಅವನ ಮುಷ್ಟಿಯಲ್ಲಿ ಹಾಗೇ ಇತ್ತು.

ಮಲ್ಲೇಶಿ ಕೆಳಗೆ ನೋಡಿದ. ಬಹಳ ಹೊತ್ತು ನೋಡಿದ. ಎರಡೂ ಕೈಗಳಿಂದ ತನ್ನ ಎಡಗಾಲನ್ನು ಎತ್ತಿ ಮೂರನೆಯ ಪೆಡಲಿನ ಮೇಲೆ ಇಟ್ಟ. ಮೊಣಕಾಲಿನ ಮೇಲೆ ಅಂಗೈ ಊರಿ ಒತ್ತಿದ. ಪೆಡಲು ಅರ್ಧದವರೆಗೆ ಹೋಯಿತು. ಪಾದ ಜಾರಿತು, ಪೆಡಲು ಖಟ್ ಎಂದು ಮೇಲೆ ಬಂತು. ಮತ್ತೆ ಕಾಲು ಎತ್ತಿ ಇಟ್ಟ. ಮತ್ತೆ ಒತ್ತಿದ. ಮತ್ತೆ ಖಟ್ ಎಂದಿತು. ಹಮಾಲರು ಯಾರೂ ನಗಲಿಲ್ಲ. ಹಲ್ಲಿಲ್ಲದ ಮುದುಕ ಮುಖ ಬೇರೆ ಕಡೆ ತಿರುಗಿಸಿದ.

ಮಲ್ಲೇಶಿ ಗಾಡಿಯಿಂದ ಇಳಿದ. ಇಳಿದವನು ಅಣ್ಣನನ್ನು ನೋಡಿದ. ಆ ನೋಟವನ್ನು ತಡೆಯಲಾರದೆ ರಾಚಪ್ಪ ಜೀವನವಿಡೀ ಹೇಳಿಕೊಂಡು ಬಂದಿದ್ದ ಮಾತನ್ನೇ ಹೇಳಿದ. ಆ ಮಾತು ಯಾವತ್ತೂ ಅವನ ಕೈ ಬಿಟ್ಟಿರಲಿಲ್ಲ.

"ನಂಗ ಸಿಟ್ಟು ಬಂದಿತ್ತು."

"ಅವತ್ತ ಒಂದ್ ಏಟು ಹೊಡದಿದ್ರ ಹೊಡಸ್ಕೋತಿದ್ದೆ, ಅಣ್ಣಾ. ಸಿಟ್ಟು ಬಂದಿತ್ತು ಅಂತಿ. ಹುಬ್ಬಳ್ಳಿಗೆ ಹೋದಾಂವ ಯಾರು?"

ಇಷ್ಟು ಹೇಳಿ ಮಲ್ಲೇಶಿ ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿದ. ಹೋಗಿ ಗಾದಿಯ ಮೇಲೆ, ತಕ್ಕಡಿಯ ಪಕ್ಕ, ತನ್ನ ಹಳೆಯ ಜಾಗದಲ್ಲಿ ಕೂತ.

ಅವನು ಜಗಳವಾಡಲಿಲ್ಲ, ಪಾಲು ಕೇಳಲಿಲ್ಲ, ಮನೆ ಬಿಟ್ಟು ಹೋಗಲಿಲ್ಲ. ಒಂದೇ ಒಂದು ಬದಲಾಯಿತು. ಅಲ್ಲಿಯವರೆಗೆ ಅಣ್ಣಾ, ನೀ ಎನ್ನುತ್ತಿದ್ದವನು ಅವತ್ತಿನಿಂದ ಅಣ್ಣಾವ್ರ, ನೀವು ಎನ್ನತೊಡಗಿದ. ಊಟ ಆಯ್ತೇನ್ರಿ, ಅಂಗಡಿ ಮುಚ್ಚಲೇನ್ರಿ ಎಂದು ಬಹಳ ಮರ್ಯಾದೆಯಿಂದ ಕೇಳುತ್ತಿದ್ದ. ಹೊರಗಿನವರಿಗೆ ಅದು ವಿನಯವಾಗಿ ಕಾಣುತ್ತಿತ್ತು. ರಾಚಪ್ಪನಿಗೆ ಪ್ರತಿ ಸಲವೂ ಮುಖಕ್ಕೆ ಬಾಗಿಲು ಹಾಕಿದ ಹಾಗಾಗುತ್ತಿತ್ತು.

ಅವತ್ತೇ ಮಧ್ಯಾಹ್ನ ರಾಚಪ್ಪ ಗ್ಯಾರೇಜಿಗೆ ಓಡಿದ. ಹಳೆಯದನ್ನೇ ಕೂಡಿಸು ಎಂದ. ಮಕ್ತುಮಸಾಬ ತಲೆ ಎತ್ತಲಿಲ್ಲ. ತಂದು ಕೊಟ್ಟರೆ ಕೂಡಿಸುತ್ತೇನೆ ಎಂದು ಮೊದಲು ಹೇಳಿದ್ದ ಮಾತನ್ನೇ ಹೇಳಿದ. ಗುಜರಿಯಲ್ಲಿ ವಿಚಾರಿಸಿದರೆ ಅದನ್ನು ಆಗಲೇ ಒಡೆದು ಕರಗಿಸಲು ಕಳಿಸಿದ್ದರು. ಕ್ಲಚ್ ಇಲ್ಲದ ಅಂಥ ಗಾಡಿಯನ್ನು ಆ ಸೀಮೆಯಲ್ಲಿ ಬೇರೆ ಯಾರೂ ತಂದಿರಲಿಲ್ಲ. ರಾಚಪ್ಪ ಮತ್ತೆ ಹುಬ್ಬಳ್ಳಿಯ ಬಸ್ಸು ಹತ್ತಿದ. ಈಗಲೂ ಹತ್ತುತ್ತಾನಂತೆ. ಹಳ್ಳಿಗಳಿಗೆ ಹಿಂಡಿ ಒಯ್ಯುವವನೂ ಈಗ ಅವನೇ. ಹೋದಲ್ಲೆಲ್ಲ ಮಲ್ಲೇಶಿ ಎಲ್ಲಿ ಎಂದು ಕೇಳುತ್ತಾರೆ. ಅವನು ಚೀಲ ಇಳಿಸುತ್ತಾನೆ. ಹೊರಡುವಾಗ ಗೇರು ಹಾಕಬೇಕು, ಹಾಕಬೇಕಾದರೆ ಎಡಗಾಲಿನಿಂದ ಆ ಪೆಡಲನ್ನು ಒತ್ತಬೇಕು. ಊರಿಂದ ಊರಿಗೆ ಅದೆಷ್ಟು ಸಲ ಒತ್ತಬೇಕೋ ಅಷ್ಟು ಸಲ ಒತ್ತುತ್ತಾನೆ.

ಗುರುಗಳು ಕತೆ ನಿಲ್ಲಿಸಿದರು. ಶಂಭುಲಿಂಗನ ಮುಖ ಕೆಂಪಾಗಿತ್ತು. ರಾಚಪ್ಪನ ಮೇಲೆ ಅವನಿಗೆ ತಡೆಯಲಾರದಷ್ಟು ಸಿಟ್ಟು ಬಂದಿತ್ತು. ಒಡಹುಟ್ಟಿದವನು ಕಾಲು ಮುಟ್ಟಿ ಬೇಡಿಕೊಂಡ ಮೇಲೂ ಹೀಗೆ ಮಾಡುವುದೇ, ಇಂಥವನು ಮನುಷ್ಯನೇ ಎಂದು ಒಂದೇ ಉಸಿರಿನಲ್ಲಿ ಬೈದ. ಆಮೇಲೆ ಕೇಳಿದ:

"ಅಷ್ಟು ದಿನ ಸಿಟ್ಟನ್ನು ಆರದಂತೆ ಹೇಗೆ ಇಟ್ಟುಕೊಂಡ ಗುರುಗಳೇ? ನನಗೆ ಅದೇ ಅರ್ಥವಾಗುವುದಿಲ್ಲ."

ಗುರುಗಳು ಅವನ ಪಾದಗಳನ್ನು ನೋಡಿದರು. ಕೊಟ್ಟಿಗೆಯ ಹಿಂದಿನ ಕೆಸರು ಹಿಮ್ಮಡಿಯಲ್ಲಿ ಒಣಗಿ ಅಂಟಿಕೊಂಡಿತ್ತು.

"ಸಿಟ್ಟು ಬಂದದ್ದು ಯುಗಾದಿಗೆ, ಶಂಭು. ಇವತ್ತು ಬೆಳಿಗ್ಗೆ ಕೊಟ್ಟಿಗೆ ಸುತ್ತಿ ಹೋದವನು ಯಾರು?"